ಆರ್ಯಭಟ ಹೇಳಿದ್ದು, ನಾವು ಹೇಳಿಸುತ್ತಿರುವುದು

ಕೊಪರ್ನಿಕಸ್‌ಗಿಂತ ಸಾವಿರ ವರ್ಷ ಮೊದಲೇ ಆರ್ಯಭಟ ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎಂದು ಕಂಡುಕೊಂಡಿದ್ದ ಎಂಬ ಮಾತು ಭಾಷಣಗಳಲ್ಲಿ, ರಸಪ್ರಶ್ನೆಗಳಲ್ಲಿ, ವಿಶೇಷಾಂಕಗಳಲ್ಲಿ ಯಾರೂ ಪ್ರಶ್ನಿಸದ ಸಂಗತಿಯಾಗಿಬಿಟ್ಟಿದೆ. ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ 1975ರ ಏಪ್ರಿಲ್‌ನಲ್ಲಿ ಸೋವಿಯತ್ ರಾಕೆಟ್ ಏರಿ ಹೋದ ನಮ್ಮ ಮೊದಲ ಉಪಗ್ರಹಕ್ಕೆ ಆತನ ಹೆಸರಿಟ್ಟ ಮೇಲಂತೂ ಹೆಸರು ಮನೆಮಾತಾಯಿತು. ಅದರ ಬೆನ್ನಿಗೆ ಈ ಮಾತೂ ಹಬ್ಬಿತು. ಇದನ್ನು ಬರಿಯ ಜಂಬವೆಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಹೀಗೆ ಹೇಳುವವರಲ್ಲಿ ಚೆನ್ನಾಗಿ ಓದಿಕೊಂಡವರಿದ್ದಾರೆ, ಅವರ ಕೈಯಲ್ಲಿ ಆಧಾರಗಳೂ ಇವೆ. ಅವರ ವಾದವನ್ನು ಅದರ ಗಟ್ಟಿಯಾದ ರೂಪದಲ್ಲೇ ಇಡುವುದಾದರೆ ಅದು ಮೂರು ಕಂಬಗಳ ಮೇಲೆ ನಿಂತಿದೆ:

1. ಕ್ರಿ.ಶ. 476ರಲ್ಲಿ ಹುಟ್ಟಿದ ಆರ್ಯಭಟ ತನ್ನ ‘ಆರ್ಯಭಟೀಯ’ದಲ್ಲಿ ಭೂಮಿಗೆ ಚಲನೆಯಿದೆ ಎಂದು ಹೇಳಿದ್ದಾನೆ, ಅದಕ್ಕೆ ಲೆಕ್ಕವನ್ನೂ ಕೊಟ್ಟಿದ್ದಾನೆ.

2. ಬುಧ, ಶುಕ್ರರ ವಿಷಯದಲ್ಲಿ ಆತ ಕೊಡುವ ಸಂಖ್ಯೆಗಳಿಂದ ಸಿಗುವ ಅವಧಿ ಸುಮಾರು 87.97 ದಿನ ಮತ್ತು 224.70 ದಿನ. ಆ ಗ್ರಹಗಳು ಸೂರ್ಯನನ್ನು ಒಂದು ಸುತ್ತು ಹಾಕಲು ತೆಗೆದುಕೊಳ್ಳುವ ಕಾಲವೆಂದು ಇಂದಿನ ಪುಸ್ತಕಗಳು ಹೇಳುವುದೂ ಅದನ್ನೇ.

3. ಭೂಮಿ ಗೋಳ, ಚಂದ್ರನ ಬೆಳಕು ಸೂರ್ಯನಿಂದ ಬಂದದ್ದು, ಗ್ರಹಣಕ್ಕೆ ಕಾರಣ ನೆರಳು ಎಂದೆಲ್ಲ ತಿಳಿದಿದ್ದವನಿಗೆ ಈ ಒಂದು ಸಂಗತಿ ಹೊಳೆಯದೆ ಇದ್ದೀತೆ?

ಮೂರನೆಯದು ವಾದವಲ್ಲ, ಮೆಚ್ಚುಗೆ. ನೂರು ಸಂಗತಿ ಸರಿಯಾಗಿ ಹೇಳಿದವನು ನೂರೊಂದನೆಯದನ್ನೂ ಹೇಳಿರಲೇಬೇಕು ಎಂಬ ನಿಯಮ ಯಾವ ಶಾಸ್ತ್ರದಲ್ಲೂ ಇಲ್ಲ. ಚಂದ್ರ, ಗ್ರಹಗಳ ಜೊತೆಗೆ ನಕ್ಷತ್ರಗಳ ಅರ್ಧಭಾಗವೂ ಸೂರ್ಯನಿಂದಲೇ ಬೆಳಗುತ್ತದೆ ಎಂದು ಇದೇ ಆರ್ಯಭಟ ಹೇಳಿದ್ದಾನೆ. ಅದು ತಪ್ಪು, ಅದರಿಂದ ಆತನ ಗ್ರಹಣದ ಲೆಕ್ಕಕ್ಕೆ ಕುಂದೂ ಬರುವುದಿಲ್ಲ. ಉಳಿದ ಎರಡನ್ನು ಮಾತ್ರ ನಿಧಾನವಾಗಿ ನೋಡಬೇಕು.

ಗೊಂದಲ ಹುಟ್ಟುವುದು ಮೊದಲನೆಯದರಲ್ಲೇ. ಭೂಮಿಗೆ ಎರಡು ಚಲನೆಗಳಿವೆ ಎಂದು ನಾವೆಲ್ಲ ಶಾಲೆಯಲ್ಲಿ ಒಂದೇ ಪಾಠದಲ್ಲಿ ಕಲಿತವರು: ಅಕ್ಷದ ಮೇಲೆ ತಿರುಗುವ ದೈನಂದಿನ ಚಲನೆ, ಸೂರ್ಯನ ಸುತ್ತ ಸಾಗುವ ವಾರ್ಷಿಕ ಚಲನೆ. ಒಟ್ಟಿಗೆ ಕಲಿತದ್ದರಿಂದ ಒಂದನ್ನು ಒಪ್ಪಿದವನು ಇನ್ನೊಂದನ್ನೂ ಒಪ್ಪಿರಲೇಬೇಕು ಅನ್ನಿಸುತ್ತದೆ. ತರ್ಕದಲ್ಲಿ ಇವೆರಡರ ನಡುವೆ ಅಂಥ ಕಟ್ಟುಪಾಡು ಇಲ್ಲ. ಹಗಲು ರಾತ್ರಿ ಏಕಾಗುತ್ತದೆ, ಇಡೀ ನಕ್ಷತ್ರಮಂಡಲ ಪೂರ್ವದಿಂದ ಪಶ್ಚಿಮಕ್ಕೆ ಸರಿಯುವಂತೆ ಏಕೆ ಕಾಣುತ್ತದೆ ಎಂಬ ಪ್ರಶ್ನೆಗೆ ಮೊದಲನೆಯದು ಉತ್ತರ. ಸೂರ್ಯ ವರ್ಷಕ್ಕೊಮ್ಮೆ ರಾಶಿಚಕ್ರ ಸುತ್ತುವುದೇಕೆ, ಕುಜ ಗುರುಗಳು ನಡುನಡುವೆ ವಕ್ರಗತಿಗೆ ಹೊರಳುವುದೇಕೆ ಎಂಬ ಪ್ರಶ್ನೆಗೆ ಎರಡನೆಯದು ಉತ್ತರ. ಪ್ರಶ್ನೆ ಬೇರೆ, ಸಾಕ್ಷ್ಯವೂ ಬೇರೆ. ಗ್ರೀಕರಲ್ಲಿ ಕ್ರಿ.ಪೂ. ನಾಲ್ಕನೆಯ ಶತಮಾನದ ಹೆರಾಕ್ಲಿಡೀಸ್ ಭೂಮಿ ತಿರುಗುತ್ತದೆ ಎಂದ, ಆದರೆ ಅದನ್ನು ನಡುವೆಯೇ ಉಳಿಸಿಕೊಂಡ. ಮುಂದಿನ ಶತಮಾನದ ಅರಿಸ್ಟಾರ್ಕಸ್ ತಿರುಗಿಸಿದ್ದೂ ಅಲ್ಲದೆ ಸೂರ್ಯನ ಸುತ್ತಲೂ ಕಳಿಸಿದ. (ಮೊದಲಿಗ ಯಾರು ಎಂಬ ಪಂದ್ಯವನ್ನೇ ಆಡುವುದಾದರೆ ಅಲ್ಲಿಗೇ ಅದು ಮುಗಿಯಿತು.) ಡೆನ್ಮಾರ್ಕಿನ ಟೈಕೋ ಬ್ರಾಹೆ ಹದಿನಾರನೆಯ ಶತಮಾನದ ಕೊನೆಯಲ್ಲಿ ಗ್ರಹಗಳನ್ನೆಲ್ಲ ಸೂರ್ಯನ ಸುತ್ತ ಸುತ್ತಿಸಿ, ಭೂಮಿಯನ್ನು ಮಾತ್ರ ಅಲುಗಾಡದಂತೆ ನಿಲ್ಲಿಸಿದ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವುದು ಅರೆಬರೆ ತಿಳಿವಳಿಕೆಯ ಲಕ್ಷಣವಲ್ಲ, ಅದು ನೇರವಾಗಿ ನಿಲ್ಲಬಲ್ಲ ಒಂದು ನಿಲುವು.

ಆರ್ಯಭಟ ಎಲ್ಲಿ ನಿಂತಿದ್ದ ಎಂಬುದಕ್ಕೆ ಗ್ರಂಥವೇ ಸಾಕ್ಷಿ. ಮೊದಲ ಪಾದದಲ್ಲಿ ಆತ 43,20,000 ವರ್ಷಗಳ ಒಂದು ಮಹಾಯುಗದಲ್ಲಿ ಯಾವ ಗ್ರಹ ಎಷ್ಟು ಸುತ್ತು ಹಾಕುತ್ತದೆ ಎಂಬ ಪಟ್ಟಿ ಕೊಡುತ್ತಾನೆ. ಸಂಖ್ಯೆಗಳನ್ನು ಅಕ್ಷರಗಳಲ್ಲಿ ಅಡಕ ಮಾಡುವುದು ಆತನದೇ ಜಾಣ್ಮೆ. ಸೂರ್ಯನ ಸುತ್ತುಗಳು ‘ಖ್ಯುಘೃ’: ಖ ಎಂದರೆ 2, ಯ ಎಂದರೆ 30, ಅವೆರಡಕ್ಕೂ ಸೇರಿದ ಉಕಾರ ಹತ್ತು ಸಾವಿರದ ಸ್ಥಾನ, ಅಲ್ಲಿಗೆ 3,20,000, ಘ ಎಂದರೆ 4, ಋಕಾರ ಹತ್ತು ಲಕ್ಷದ ಸ್ಥಾನ, ಅದು 40,00,000, ಕೂಡಿದರೆ 43,20,000. ಆರ್ಯಭಟ ಸೊನ್ನೆಯನ್ನು ಕಂಡುಹಿಡಿದ ಎಂಬ ಇನ್ನೊಂದು ಜನಪ್ರಿಯ ಮಾತಿದೆಯಲ್ಲ, ಅದನ್ನು ನಂಬುವವರು ಈ ಎರಡಕ್ಷರವನ್ನು ಒಮ್ಮೆ ಬಿಡಿಸಿ ನೋಡಬೇಕು. ಇದರಲ್ಲಿ ಸೊನ್ನೆಗೆ ಕೆಲಸವೇ ಇಲ್ಲ. ಆತನ ವರ್ಗಮೂಲ, ಘನಮೂಲದ ವಿಧಾನಗಳಿಗೆ ಸ್ಥಾನಬೆಲೆಯ ತಿಳಿವಳಿಕೆ ಬೇಕೇಬೇಕು ಎಂಬುದು ನಿಜ; ಆದರೆ ಸೊನ್ನೆಯನ್ನು ಒಂದು ಸಂಖ್ಯೆಯೆಂದು ಹಿಡಿದು ಕೂಡುವ, ಕಳೆಯುವ ನಿಯಮಗಳನ್ನು ಬರೆದವನು 628ರ ಬ್ರಹ್ಮಗುಪ್ತ.

ಈ ಪಟ್ಟಿಯಲ್ಲಿ ಸೂರ್ಯಚಂದ್ರರ ಜೊತೆಗೆ ಭೂಮಿಗೂ ಒಂದು ಸಂಖ್ಯೆಯಿದೆ, ಅದೂ ಪೂರ್ವ ದಿಕ್ಕಿಗೆ: 1,58,22,37,500. ಇದರಿಂದ ಸೂರ್ಯನ ಸುತ್ತುಗಳನ್ನು ಕಳೆದರೆ 1,57,79,17,500 ಉಳಿಯುತ್ತದೆ. ಅದು ಮಹಾಯುಗದ ದಿನಗಳ ಸಂಖ್ಯೆ. ದಿನಗಳನ್ನು ಭೂಮಿಯ ತಿರುಗಾಟಗಳಿಂದ ಭಾಗಿಸಿದರೆ ಒಂದು ತಿರುಗಾಟಕ್ಕೆ 23 ಗಂಟೆ 56 ನಿಮಿಷ 4.1 ಸೆಕೆಂಡು ಬರುತ್ತದೆ. ಇಂದಿನ ಅಳತೆಗೂ ಇದಕ್ಕೂ ಇರುವ ಅಂತರ ಸೆಕೆಂಡಿನ ಸಣ್ಣ ಭಾಗ. ವರ್ಷದ ಅವಧಿಯಲ್ಲಿ ಆತ ಮೂರು ನಿಮಿಷ ಚಿಲ್ಲರೆ ಹೆಚ್ಚು ಹೇಳಿದ್ದಾನೆ. ತಿರುಗಾಟದ ಅವಧಿಯಲ್ಲಿ ತಪ್ಪಿಲ್ಲವೆಂದೇ ಹೇಳಬೇಕು. ನಾಲ್ಕನೆಯ ಪಾದವಾದ ಗೋಳಪಾದದಲ್ಲಿ ಪ್ರಸಿದ್ಧವಾದ ದೋಣಿಯ ಹೋಲಿಕೆ ಬರುತ್ತದೆ: ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮರಗಿಡಗಳು ಹಿಂದಕ್ಕೆ ಓಡುವಂತೆ ಕಾಣುತ್ತವೆ, ಹಾಗೆಯೇ ನಿಂತ ನಕ್ಷತ್ರಗಳು ಲಂಕೆಯಲ್ಲಿ, ಅಂದರೆ ಸಮಭಾಜಕದ ಮೇಲೆ, ನೇರ ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ. ಮುಂದಿನ ಪದ್ಯದಲ್ಲೇ ಪ್ರವಹ ವಾಯು ನಕ್ಷತ್ರಮಂಡಲವನ್ನು ತಳ್ಳುವ ಮಾತೂ ಬರುವುದರಿಂದ, ಆತ ಭೂಭ್ರಮಣವನ್ನೂ ನಂಬಿರಲಿಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಭೂಮಿಯ ಸಂಖ್ಯೆಯನ್ನು ಗ್ರಹಗಳ ಪಟ್ಟಿಯಲ್ಲೇ ಸೇರಿಸಿದವನ ಬಗ್ಗೆ, ಅದಕ್ಕಾಗಿಯೇ ಮುಂದೆ ಬ್ರಹ್ಮಗುಪ್ತನಿಂದ ಬೈಸಿಕೊಂಡವನ ಬಗ್ಗೆ, ಆ ಸಂದೇಹ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅಲ್ಲಿಗೆ ದೈನಂದಿನ ಚಲನೆ ಖಚಿತ. ಇನ್ನು ಆ ತಿರುಗುವ ಭೂಮಿ ಇರುವುದೆಲ್ಲಿ? ಕಾಲಕ್ರಿಯಾಪಾದದಲ್ಲಿ ಆತ ಕ್ರಮ ಹೇಳುತ್ತಾನೆ: ನಕ್ಷತ್ರಗಳ ಕೆಳಗೆ ಶನಿ, ಅದರ ಕೆಳಗೆ ಗುರು, ಕುಜ, ಸೂರ್ಯ, ಶುಕ್ರ, ಬುಧ, ಚಂದ್ರ, ಎಲ್ಲಕ್ಕೂ ಕೆಳಗೆ, ಆಕಾಶದ ನಡುವೆ, ಕಣದ ಮೇಟಿಯ ಹಾಗೆ ಭೂಮಿ. ಒಕ್ಕಣೆ ನೋಡಿದವರಿಗೆ ಮೇಟಿ ಏನೆಂದು ವಿವರಿಸಬೇಕಿಲ್ಲ. ಎತ್ತುಗಳು ಅದರ ಸುತ್ತ ತಿರುಗುತ್ತವೆ, ಅದು ಕಣ ಬಿಟ್ಟು ಹೋಗುವುದಿಲ್ಲ. ಸೂರ್ಯ ಇಲ್ಲಿ ಏಳರಲ್ಲಿ ಒಬ್ಬ, ಕುಜ ಶುಕ್ರರ ನಡುವಿನವನು. ಇದೇ ಕ್ರಮದಿಂದ ಆತ ಮುಂದಿನ ಪದ್ಯದಲ್ಲಿ ವಾರಗಳ ಹೆಸರನ್ನೂ ಹೊರಡಿಸುತ್ತಾನೆ: ಶನಿಯಿಂದ ಎಣಿಸಿದರೆ ನಾಲ್ಕನೆಯವನು ಸೂರ್ಯ, ಸೂರ್ಯನಿಂದ ನಾಲ್ಕನೆಯವನು ಚಂದ್ರ, ಚಂದ್ರನಿಂದ ಮತ್ತೆ ಮೇಲಕ್ಕೆ ಹೋಗಿ ಎಣಿಸಿದರೆ ಕುಜ. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ. ಭೂಮಿ ನಡುವೆ ಇರದಿದ್ದರೆ ಈ ಎಣಿಕೆಗೆ ಬುಡವೇ ಇಲ್ಲ.

ಇದು ರೂಢಿಯ ಮಾತು, ಒಳಗೆ ಆತನಿಗೆ ಬೇರೆಯೇ ಗೊತ್ತಿತ್ತು ಎಂದು ಹೇಳಬಹುದು. ಆ ಆಕ್ಷೇಪಕ್ಕೆ ಉತ್ತರ ಭೂಮಿಯ ತಿರುಗಾಟವನ್ನು ಸಾರುವ ಪದ್ಯದಲ್ಲೇ ಇದೆ. ಒಂದು ಪ್ರಾಣದಲ್ಲಿ, ಅಂದರೆ ಸುಮಾರು ನಾಲ್ಕು ಸೆಕೆಂಡಿನಲ್ಲಿ, ಭೂಮಿ ಒಂದು ಕಲೆಯಷ್ಟು ತಿರುಗುತ್ತದೆ ಎನ್ನುವ ಪದ್ಯ ಅದು. ಅಂಶದ ಅರವತ್ತನೇ ಒಂದು ಭಾಗ ಕಲೆ. ಅದೇ ಪದ್ಯದ ಕೊನೆಗೆ ಸೂರ್ಯನ ಕಕ್ಷೆ ನಕ್ಷತ್ರಕಕ್ಷೆಯ ಅರವತ್ತನೇ ಒಂದು ಭಾಗ ಎಂಬ ಅಳತೆಯಿದೆ. ಈಗ ಆತನ ಮನಸ್ಸಿನಲ್ಲಿ ಸೂರ್ಯಕೇಂದ್ರ ವ್ಯವಸ್ಥೆಯಿತ್ತು ಎಂದೇ ಇಟ್ಟುಕೊಳ್ಳೋಣ. ಆಗ ಸೂರ್ಯನ ಕಕ್ಷೆ ಎಂದು ಆತ ಹೇಳಿದ್ದು ನಿಜದಲ್ಲಿ ಭೂಮಿಯ ಕಕ್ಷೆಯಾಗಬೇಕು. ನಕ್ಷತ್ರಗಳು ಅದರ ಅರವತ್ತು ಪಟ್ಟು ದೂರದಲ್ಲಿ ಮಾತ್ರ ಇರಬೇಕು. ಆ ದೂರಕ್ಕೆ, ಭೂಮಿ ಆರು ತಿಂಗಳಲ್ಲಿ ಕಕ್ಷೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದಾಗ ನಕ್ಷತ್ರಗಳು ಸುಮಾರು 115 ಕಲೆ, ಹತ್ತಿರ ಹತ್ತಿರ ಎರಡು ಅಂಶ, ಸರಿದಂತೆ ಕಾಣಬೇಕು. ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಂತರ ಅದು. ಗ್ರಹಗಳ ಸ್ಥಾನವನ್ನು ಕಲೆಗಳಲ್ಲಿ ಲೆಕ್ಕ ಹಾಕುವ ಮನುಷ್ಯನ ಕಣ್ಣಿಗೆ ಅದು ಬೀಳದೆ ಇರಲು ಸಾಧ್ಯವಿಲ್ಲ, ಮತ್ತು ಆಕಾಶದಲ್ಲಿ ಅಂಥದ್ದು ಕಾಣುವುದಿಲ್ಲ. ಇದರಿಂದ ತಪ್ಪಿಸಿಕೊಳ್ಳಲು ಕೊಪರ್ನಿಕಸ್ ಮಾಡಿದಂತೆ ನಕ್ಷತ್ರಗಳನ್ನು ಊಹೆಗೂ ಮೀರಿದ ದೂರಕ್ಕೆ ತಳ್ಳಬೇಕು. 1838ರಲ್ಲಿ ಬೆಸೆಲ್ ಕೊನೆಗೂ ಒಂದು ನಕ್ಷತ್ರದ ಇಂಥ ಸರಿತವನ್ನು ಅಳೆದಾಗ ಅದು ಒಂದು ಕಲೆಯ ಸುಮಾರು ನೂರನೇ ಒಂದು ಭಾಗದಷ್ಟಿತ್ತು. ಆರ್ಯಭಟ ನಕ್ಷತ್ರಗಳನ್ನು ದೂರ ತಳ್ಳಲಿಲ್ಲ. ತಳ್ಳುವ ಅಗತ್ಯವೇ ಆತನಿಗೆ ಬೀಳಲಿಲ್ಲ, ಏಕೆಂದರೆ ಇದ್ದಲ್ಲೇ ತಿರುಗುವ ಭೂಮಿಗೆ ನಕ್ಷತ್ರ ಎಷ್ಟು ಹತ್ತಿರವಿದ್ದರೂ ವರ್ಷದ ಸರಿತ ಎಂಬುದು ಹುಟ್ಟುವುದಿಲ್ಲ.

ದೋಣಿಯ ಹೋಲಿಕೆಯೂ ಇದನ್ನೇ ಹೇಳುತ್ತದೆ. ಕಾಣುವ ಚಲನೆಗೂ ಇರುವ ಚಲನೆಗೂ ಇರುವ ವ್ಯತ್ಯಾಸವನ್ನು ಅಷ್ಟು ಚೊಕ್ಕವಾಗಿ ಹಿಡಿದವನು, ಅದನ್ನು ಸೂರ್ಯನ ವಾರ್ಷಿಕ ಗತಿಗೂ ಅನ್ವಯಿಸಬಹುದಿತ್ತು. ಸಲಕರಣೆ ಕೈಯಲ್ಲೇ ಇತ್ತು. ನಕ್ಷತ್ರಗಳಿಗೆ ಬಳಸಿದ, ಸೂರ್ಯನಿಗೆ ಬಳಸಲಿಲ್ಲ; ಸೂರ್ಯನ 43,20,000 ಸುತ್ತುಗಳನ್ನು ಸೂರ್ಯನವೆಂದೇ ಬರೆದುಕೊಟ್ಟ.

ಇನ್ನು ಎರಡನೆಯ ಕಂಬ, ಬುಧ ಶುಕ್ರರ ಸಂಖ್ಯೆಗಳು. ಇದು ಗಂಭೀರವಾದ ಆಧಾರ. ಗಣಿತದ ಇತಿಹಾಸಕಾರ ವಾನ್ ಡರ್ ವಾರ್ಡನ್ ಅವರು 1970ರ ಸುಮಾರಿಗೆ, ಆರ್ಯಭಟನ ಪದ್ಧತಿಯ ಹಿಂದೆ ಮರೆತುಹೋದ ಒಂದು ಸೂರ್ಯಕೇಂದ್ರ ಸಿದ್ಧಾಂತವಿದ್ದಿರಬೇಕು ಎಂದು ಇದರ ಬಲದಿಂದಲೇ ವಾದಿಸಿದರು. ನೋಯೆಲ್ ಸ್ವರ್ಡ್ಲೋ ಮುಂತಾದವರು ಒಪ್ಪಲಿಲ್ಲ. ತಾಂತ್ರಿಕವಾಗಿ ವಿಷಯ ಇಷ್ಟು: ಪ್ರತಿ ಗ್ರಹಕ್ಕೂ ಆತ ಶೀಘ್ರೋಚ್ಚ ಎಂಬ ಒಂದು ಬಿಂದುವನ್ನು ಇಟ್ಟುಕೊಳ್ಳುತ್ತಾನೆ. ಕುಜ, ಗುರು, ಶನಿಗಳಿಗೆ ಶೀಘ್ರೋಚ್ಚ ಸೂರ್ಯನ ಗತಿಯಲ್ಲೇ ಸುತ್ತುತ್ತದೆ. ಬುಧ ಶುಕ್ರರಿಗೆ ಮಾತ್ರ ತಿರುವುಮುರುವು. ಗ್ರಹದ ಸರಾಸರಿ ಗತಿಯೇ ಸೂರ್ಯನದು, ಶೀಘ್ರೋಚ್ಚಕ್ಕೆ ಬೇರೆ ವೇಗ. ಶುಕ್ರನ ಶೀಘ್ರೋಚ್ಚಕ್ಕೆ 70,22,388 ಸುತ್ತು. ಈ ಸಂಖ್ಯೆ ಸಿಗಲು ಸೂರ್ಯನನ್ನು ನಡುವೆ ಕೂರಿಸಲೇಬೇಕೇ? ಬೇಡ. ಶುಕ್ರ ಎಂಟು ವರ್ಷಗಳಲ್ಲಿ ಐದು ಬಾರಿ ಸೂರ್ಯನೊಡನೆ ಅದೇ ಭಂಗಿಗೆ ಮರಳುತ್ತದೆ. ಸಂಜೆ ಮುಂಜಾನೆ ಆಕಾಶ ನೋಡುವ ಯಾರಿಗಾದರೂ ಎಂಟೇ ವರ್ಷದಲ್ಲಿ ತಿಳಿಯುವ ಸಂಗತಿ ಇದು, ಬ್ಯಾಬಿಲೋನಿನವರಿಗೆ ಬಹಳ ಹಿಂದೆಯೇ ತಿಳಿದಿತ್ತು. ಸೂರ್ಯನ ಎಂಟು ಸುತ್ತಿಗೆ ಈ ಐದನ್ನು ಕೂಡಿಸಿದರೆ ಹದಿಮೂರು. ಎಂಟು ವರ್ಷದ ದಿನಗಳನ್ನು ಹದಿಮೂರರಿಂದ ಭಾಗಿಸಿದರೆ 224.8. ಇನ್ನಷ್ಟು ವರ್ಷಗಳ ವೀಕ್ಷಣೆಯಿಂದ ಇದನ್ನು ಹದಗೊಳಿಸುತ್ತ ಹೋದರೆ ಆರ್ಯಭಟನ ಸಂಖ್ಯೆ ಸಿಗುತ್ತದೆ. ಭೂಮಿ ನಡುವೆ ಇರಲಿ, ಸೂರ್ಯ ಇರಲಿ, ಕೂಡಿಕೆ ಬದಲಾಗುವುದಿಲ್ಲ.

ಇದಕ್ಕೊಂದು ಪರೀಕ್ಷೆಯೂ ಉಂಟು. ಒಂದು ಪದ್ಧತಿಯಲ್ಲಿ ಸೂರ್ಯನ ಗತಿ ಎಲ್ಲ ಗ್ರಹಗಳ ಲೆಕ್ಕದೊಳಗೂ ನುಸುಳಿಕೊಂಡಿದ್ದರೆ ಅದು ಸೂರ್ಯಕೇಂದ್ರ ಎಂದು ಒಪ್ಪಿದರೆ, ಎರಡನೆಯ ಶತಮಾನದ ಟಾಲೆಮಿಯೂ ಸೂರ್ಯಕೇಂದ್ರವಾದಿಯಾಗಬೇಕಾಗುತ್ತದೆ. ಆತನ ಉಪವೃತ್ತಗಳಲ್ಲೂ ಅದೇ ನಂಟು ಇದೆ, ಆತನೋ ಭೂಕೇಂದ್ರವಾದದ ದೊಡ್ಡ ಗುರು. ಗ್ರಹಗಳು ನಿಜವಾಗಿ ಸೂರ್ಯನನ್ನು ಸುತ್ತುವುದರಿಂದ, ಅವುಗಳ ಚಲನೆಯನ್ನು ಸರಿಯಾಗಿ ಲೆಕ್ಕ ಹಾಕುವ ಯಾವ ಪದ್ಧತಿಯಲ್ಲೂ ಸೂರ್ಯ ಇಣುಕಲೇಬೇಕು. ಅದು ಆಕಾಶದ ಗುಣ. ಲೆಕ್ಕ ಹಾಕಿದವನ ನಂಬಿಕೆಯ ಕುರುಹಲ್ಲ.

ಆರ್ಯಭಟನ ಎರಡನೆಯ ಗ್ರಂಥ ಕಳೆದುಹೋಗಿದೆಯಲ್ಲ, ಅದರಲ್ಲಿ ಇದ್ದಿರಬಹುದಲ್ಲ ಎಂಬ ಕೊನೆಯ ಆಸರೆಯೂ ಗಟ್ಟಿಯಲ್ಲ. ದಿನವನ್ನು ಮಧ್ಯರಾತ್ರಿಯಿಂದ ಎಣಿಸುವ ಆ ಪದ್ಧತಿಯ ಗಣಿತ ಬ್ರಹ್ಮಗುಪ್ತನ ‘ಖಂಡಖಾದ್ಯಕ’ದ ಮೂಲಕ ನಮಗೆ ತಿಳಿದಿದೆ, ಅದರಲ್ಲೂ ಭೂಮಿಯೇ ನಡುವೆ. ಇನ್ನೂ ಬಲವಾದ ಸಾಕ್ಷಿ ಕೇರಳದ ನೀಲಕಂಠ ಸೋಮಯಾಜಿ. ಆರ್ಯಭಟೀಯಕ್ಕೆ ಭಾಷ್ಯ ಬರೆದ ಈತ 1500ರ ಸುಮಾರಿನ ‘ತಂತ್ರಸಂಗ್ರಹ’ದಲ್ಲಿ ಬುಧ ಶುಕ್ರರ ಲೆಕ್ಕವನ್ನು ತಿದ್ದಿದ, ಹಳೆಯ ಪದ್ಧತಿಯಲ್ಲಿ ಸೂರ್ಯನ ಸರಾಸರಿ ಸ್ಥಾನಕ್ಕೆ ಮಾಡುತ್ತಿದ್ದ ಮಂದ ಸಂಸ್ಕಾರವನ್ನು, ಅಂದರೆ ಗತಿಯ ಏರುಪೇರಿಗಾಗಿ ಮಾಡುವ ತಿದ್ದುಪಡಿಯನ್ನು, ಗ್ರಹದ ಸ್ವಂತ ಗತಿಗೆ ಮಾಡಬೇಕೆಂದ. ಆ ತಿದ್ದುಪಡಿಯ ದಾರಿಯಲ್ಲಿ ಐದು ಗ್ರಹಗಳೂ ಸೂರ್ಯನನ್ನು ಸುತ್ತುತ್ತವೆ, ಸೂರ್ಯ ಭೂಮಿಯನ್ನು ಸುತ್ತುತ್ತಾನೆ ಎಂಬ ಚಿತ್ರಕ್ಕೆ ಬಂದು ನಿಂತ. ಆರ್ಯಭಟನಲ್ಲೇ ಅದು ಮೊದಲಿನಿಂದ ಇದ್ದಿದ್ದರೆ ಸಾವಿರ ವರ್ಷದ ಮೇಲೆ ಆತನ ಭಕ್ತನೇ ಇಷ್ಟು ಶ್ರಮಪಡಬೇಕಿರಲಿಲ್ಲ. ಆರ್ಯಭಟನ ಹೆಸರಿಗೆ ನಾವು ಬರೆಯುವ ಪ್ರತಿ ಹೆಚ್ಚುವರಿ ಸಾಧನೆಯೂ ಹೀಗೆ ಇನ್ನೊಬ್ಬನ ಖಾತೆಯಿಂದಲೇ ಹೋಗುತ್ತದೆ.

ಆತನ ಸ್ವಂತ ಖಾತೆಗೂ ನಷ್ಟವಾಗುತ್ತದೆ, ಅದು ಹೆಚ್ಚು ಗಮನಕ್ಕೆ ಬಂದಿಲ್ಲ. ಭೂಮಿ ತಿರುಗುತ್ತದೆ ಎಂಬ ಮಾತನ್ನು ಆತನ ಕಾಲದವರು ಸಣ್ಣ ಮಾತೆಂದು ತಿಳಿಯಲಿಲ್ಲ. ಆರನೆಯ ಶತಮಾನದ ವರಾಹಮಿಹಿರ ಕೇಳಿದ: ಭೂಮಿ ತಿರುಗುವುದಾದರೆ ಹಾರಿಹೋದ ಹಕ್ಕಿಗಳು ಗೂಡಿಗೆ ಮರಳುವುದು ಹೇಗೆ? ಬ್ರಹ್ಮಗುಪ್ತ ಕೇಳಿದ: ಪ್ರಾಣಕ್ಕೊಂದು ಕಲೆಯಂತೆ ಭೂಮಿ ಹೋಗುವುದಾದರೆ ಎಲ್ಲಿಗೆ, ಯಾವ ದಾರಿಯಲ್ಲಿ? ತಿರುಗುವುದಾದರೆ ಎತ್ತರದ ವಸ್ತುಗಳು ಉರುಳಿ ಬೀಳವೇಕೆ? ಇವು ದಡ್ಡ ಪ್ರಶ್ನೆಗಳಲ್ಲ. ದೋಣಿಯ ಹೋಲಿಕೆ ಕಣ್ಣಿಗೆ ಕಾಣುವುದನ್ನು ವಿವರಿಸುತ್ತದೆ, ಹಕ್ಕಿಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದಕ್ಕೆ ಚಲನೆಯ ಬೇರೆಯೇ ಸಿದ್ಧಾಂತ ಬೇಕು, ಗೆಲಿಲಿಯೋ 1632ರಲ್ಲಿ ಹಡಗಿನ ಉದಾಹರಣೆಯಿಂದ ಕಟ್ಟಿಕೊಟ್ಟಂಥದ್ದು. ಉತ್ತರ ಕೈಯಲ್ಲಿಲ್ಲದೆಯೇ ನಿಲುವು ತಳೆದ ಆರ್ಯಭಟನಿಗೆ ಇದ್ದ ಕಾರಣವೇನು? ಗ್ರಂಥ ಬಾಯಿಬಿಡುವುದಿಲ್ಲ. ಒಂಬತ್ತನೆಯ ಶತಮಾನದ ಪೃಥೂದಕಸ್ವಾಮಿ ಕೊಡುವ ಕಾರಣ ಅದಕ್ಕೆ ಹತ್ತಿರವಿರಬಹುದು ಎಂದು ನನ್ನ ಊಹೆ: ಗ್ರಹಗಳು ಒಂದೇ ಕಾಲಕ್ಕೆ ಪೂರ್ವಕ್ಕೂ ಪಶ್ಚಿಮಕ್ಕೂ ಹೋಗಲಾರವು, ಆದ್ದರಿಂದ ಆರ್ಯಭಟನ ಮಾತೇ ಸರಿ ತೋರುತ್ತದೆ, ಬೀಳುವ ಭಯವೂ ಬೇಡ, ಗೋಳದ ಮೇಲೆ ನಿಂತ ಪ್ರತಿಯೊಬ್ಬನಿಗೂ ಅವನಿರುವ ಜಾಗವೇ ಮೇಲು. ಬ್ರಹ್ಮಗುಪ್ತನ ಗ್ರಂಥಕ್ಕೇ ವ್ಯಾಖ್ಯಾನ ಬರೆಯುತ್ತ ಈತ ಬ್ರಹ್ಮಗುಪ್ತನನ್ನು ಹೀಗೆ ಬಿಟ್ಟುಕೊಟ್ಟದ್ದು ಗಮನಿಸಬೇಕಾದ್ದು. ಆದರೆ ಇಂಥವರು ವಿರಳ. ಬಹುಪಾಲು ವ್ಯಾಖ್ಯಾನಕಾರರಿಗೆ ಗುರುವಿನ ಈ ಮಾತು ಮುಜುಗರ ತಂದಿತು. ಆ ಪದ್ಯದಲ್ಲಿ ‘ಭೂಃ’ ಇರಬೇಕಾದಲ್ಲಿ ‘ಭಂ’ ಎಂಬ ಪಾಠ ಸೇರಿಕೊಂಡು, ತಿರುಗುವುದು ಭೂಮಿಯಲ್ಲ, ನಕ್ಷತ್ರಮಂಡಲ ಎಂದಾಯಿತು. 1874ರಲ್ಲಿ ಲೈಡನ್‌ನಲ್ಲಿ ಆರ್ಯಭಟೀಯ ಮೊದಲು ಅಚ್ಚಾದದ್ದು ಈ ಪಾಠದೊಂದಿಗೇ. ಮೂಲಪಾಠ ಉಳಿದದ್ದು ಖಂಡಿಸುವುದಕ್ಕೆಂದು ಅದನ್ನು ಎತ್ತಿಕೊಂಡ ಬ್ರಹ್ಮಗುಪ್ತನಿಂದ. ಹೇಳದೆ ಇದ್ದುದನ್ನು ಇಂದು ನಾವು ಆತನ ಬಾಯಿಗೆ ತುರುಕುತ್ತೇವೆ, ಹೇಳಿದ್ದನ್ನು ಅಂದಿನವರು ಕಿತ್ತುಕೊಂಡರು. ಎರಡರಲ್ಲೂ ಗ್ರಂಥಕ್ಕಿಂತ ಗುರುವಿನ ಮರ್ಯಾದೆಯೇ ದೊಡ್ಡದಾಗಿದೆ.

ಧೈರ್ಯದ ಮಾತೇ ಬೇಕಾದರೆ ಯುಗಗಳ ಲೆಕ್ಕ ನೋಡಬೇಕು. ಕೃತ, ತ್ರೇತಾ, ದ್ವಾಪರ, ಕಲಿಗಳು 4, 3, 2, 1ರ ಪ್ರಮಾಣದಲ್ಲಿವೆ ಎಂಬುದು ಸ್ಮೃತಿಗಳ ಮತ. ಆರ್ಯಭಟ ಮಹಾಯುಗವನ್ನು 10,80,000 ವರ್ಷಗಳ ನಾಲ್ಕು ಸಮಪಾಲು ಮಾಡಿದ. ಕಾರಣ ಆತನ ಪಟ್ಟಿಯಲ್ಲೇ ಸಿಗುತ್ತದೆ: ಸೂರ್ಯನಿಂದ ಶನಿಯವರೆಗೆ ಏಳೂ ಗ್ರಹಗಳ ಸಂಖ್ಯೆಗಳನ್ನು, ಬುಧ ಶುಕ್ರರ ಶೀಘ್ರೋಚ್ಚದ್ದನ್ನೂ, ನಾಲ್ಕರಿಂದ ಭಾಗಿಸಿ ನೋಡಿ, ಎಲ್ಲೂ ಶೇಷ ಉಳಿಯುವುದಿಲ್ಲ. ಹಾಗಾಗಿ ಪ್ರತಿ ಪಾದದ ಆರಂಭದಲ್ಲೂ, ಕಲಿಯ ಆರಂಭದಲ್ಲೂ, ಗ್ರಹಗಳೆಲ್ಲ ಮೇಷದ ಮೊದಲಲ್ಲಿ ಕೂಡುತ್ತವೆ, ಲೆಕ್ಕ ಅಲ್ಲಿಂದ ಸಲೀಸಾಗಿ ಶುರುವಾಗುತ್ತದೆ. ಗಣಿತಕ್ಕೆ ಬೇಕೆಂದು ಸ್ಮೃತಿಯ ಯುಗಮಾನವನ್ನೇ ಬದಿಗಿಟ್ಟ. ಇದಕ್ಕೂ ಬ್ರಹ್ಮಗುಪ್ತ ಬೈದ.

ಆ ಬೈದವನೇ 665ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಪಂಚಾಂಗದವರ ದಿನಬಳಕೆಗೆಂದು ಖಂಡಖಾದ್ಯಕ ಬರೆದಾಗ ಅದರ ಮೊದಲ ಭಾಗಕ್ಕೆ ಆಧಾರವಾಗಿ ಆರಿಸಿಕೊಂಡದ್ದು ಆರ್ಯಭಟನ ಸಂಖ್ಯೆಗಳನ್ನು. ಇದರಲ್ಲಿ ವಿರೋಧಾಭಾಸವಿಲ್ಲ. ತಿರುಗುವುದು ಭೂಮಿಯಾದರೂ ಆಕಾಶವಾದರೂ ನಾಳಿನ ಸೂರ್ಯೋದಯದ ಹೊತ್ತು, ಮುಂದಿನ ಗ್ರಹಣದ ಘಳಿಗೆ ಒಂದೇ ಬರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಭಾರತದ ಬಗ್ಗೆ ಬರೆದ ಅಲ್ಬಿರೂನಿಯೂ ಭೂಭ್ರಮಣವನ್ನು ಒಪ್ಪಿದರೆ ಜ್ಯೋತಿಷ್ಯದ ಗಣಿತಕ್ಕೆ ಏನೂ ಬಾಧಕವಿಲ್ಲ ಎಂದು ಗುರುತಿಸಿದ್ದಾನೆ. ಲೆಕ್ಕದಲ್ಲಿ ವ್ಯತ್ಯಾಸ ತೋರದ ಮಾತನ್ನು ವೀಕ್ಷಣೆಯಿಂದ ಗೆಲ್ಲಿಸುವುದಕ್ಕೂ ಆಗುತ್ತಿರಲಿಲ್ಲ, ಸೋಲಿಸುವುದಕ್ಕೂ ಆಗುತ್ತಿರಲಿಲ್ಲ. 1851ರಲ್ಲಿ ಫೂಕೋ ಪ್ಯಾರಿಸ್ಸಿನಲ್ಲಿ ಲೋಲಕ ತೂಗುಬಿಟ್ಟು ಅದರ ತೂಗಾಟದ ದಿಕ್ಕು ಗಂಟೆಗಂಟೆಗೂ ಹೊರಳುವುದನ್ನು ಜನರಿಗೆ ತೋರಿಸುವವರೆಗೆ ಆರ್ಯಭಟನ ಭೂಮಿ ಎರಡು ಪಾಠಗಳ ನಡುವೆಯೇ ಉಳಿದಿತ್ತು.